ದಮ್ಮಿನ ಮಗು ಪೆಂಡಾಲಿನಲ್ಲೇ ಕೂರಬೇಕೆ?

ಡಿಸೆಂಬರ್ ಬಂತೆಂದರೆ ಮುಂಬಯಿಯ ನಮ್ಮ ಸಂಘ-ಸಂಸ್ಥೆಗಳಲ್ಲಿ ವಾರ್ಷಿಕ ಕ್ರೀಡಾಕೂಟದ ಸಡಗರ. ಮೈದಾನ ಕಾಯ್ದಿರಿಸುವುದು, ಟೀ-ಶರ್ಟ್ ಮುದ್ರಣ, ಪ್ರಾಯೋಜಕರ ಬ್ಯಾನರ್, ಬೆಳಗಿನ ಇಡ್ಲಿ-ಸಾಂಬಾರು, ಮಧ್ಯಾಹ್ನದ ಊಟ, ಸಂಜೆಯ ಬಹುಮಾನ ವಿತರಣೆ ಎಂದು ಪದಾಧಿಕಾರಿಗಳು ತಿಂಗಳುಗಟ್ಟಲೆ ದುಡಿಯುತ್ತಾರೆ. ಮಕ್ಕಳಿಗೆ ಐವತ್ತು ಮೀಟರ್ ಓಟ, ಲಿಂಬೆ-ಚಮಚ, ಗೋಣಿಚೀಲದ ಓಟ, ಯುವಕರಿಗೆ ಕಬಡ್ಡಿ, ವಾಲಿಬಾಲ್, ಮಹಿಳೆಯರಿಗೆ ತ್ರೋಬಾಲ್, ಕೊನೆಗೆ ಎಲ್ಲರೂ ಕಾದು ನಿಲ್ಲುವ ಹಗ್ಗಜಗ್ಗಾಟ. ಇಷ್ಟೆಲ್ಲ ಗದ್ದಲದ ನಡುವೆಯೂ ಪೆಂಡಾಲಿನ ನೆರಳಲ್ಲಿ ಅಮ್ಮನ ಪಕ್ಕ, ಅಕ್ಕನ ಬ್ಯಾಗು-ನೀರಿನ ಬಾಟಲಿ ಕಾಯುತ್ತಾ ಕೂತ ಒಂದಿಬ್ಬರು ಮಕ್ಕಳು ಪ್ರತಿ ಕ್ರೀಡಾಕೂಟದಲ್ಲೂ ಸಿಗುತ್ತಾರೆ. ಏಕೆ ಓಡುವುದಿಲ್ಲ ಎಂದು ಕೇಳಿದರೆ ತಾಯಿಯ ಉತ್ತರ ಸಿದ್ಧವಾಗಿರುತ್ತದೆ: "ಅವನಿಗೆ ಸ್ವಲ್ಪ ದಮ್ಮಿನ ತೊಂದರೆ ಉಂಟು, ಓಡಿದರೆ ಆಗುವುದಿಲ್ಲ."

ಪ್ರೀತಿಯಿಂದ ಹುಟ್ಟಿದ ಮಾತಿದು, ಸಂಶಯವಿಲ್ಲ. ರಾತ್ರಿ ಎರಡು ಗಂಟೆಗೆ ಮಗುವನ್ನು ಎತ್ತಿಕೊಂಡು ರಿಕ್ಷಾ ಹುಡುಕಿ, ನೆಬ್ಯುಲೈಸರ್ ಕೊಡಿಸಲು ನರ್ಸಿಂಗ್ ಹೋಮಿಗೆ ಓಡಿದ ತಂದೆ-ತಾಯಿಗೆ ಆ ಭಯ ಇರುವುದು ಸಹಜ. ಆದರೆ ಆ ಭಯಕ್ಕೆ ನಾವು ಕಂಡುಕೊಂಡ ಮದ್ದು ಮಾತ್ರ ತಪ್ಪು. ಶ್ವಾಸಕೋಶದ ದೀರ್ಘಕಾಲದ ಕಾಯಿಲೆ ಇರುವ ಮಗುವಿಗೆ, ಕಾಯಿಲೆ ಹತೋಟಿಯಲ್ಲಿದ್ದರೆ, ಆಟ-ಓಟ ವರ್ಜ್ಯವಲ್ಲ. ಔಷಧಿಯಷ್ಟೇ ಅಗತ್ಯವಾದ ಒಂದು ಚಿಕಿತ್ಸೆ. ವೈದ್ಯರು ಇದನ್ನು ಹೇಳಲಾರಂಭಿಸಿ ದಶಕಗಳೇ ಕಳೆದಿವೆ. ಆದರೂ ಅದು ನಮ್ಮ ಅನೇಕ ಮನೆಗಳಿಗೆ ತಲುಪಿಲ್ಲ, ನಮ್ಮ ಕ್ರೀಡಾ ಸಮಿತಿಗಳಿಗಂತೂ ತಲುಪಿಯೇ ಇಲ್ಲ.

ಇಲ್ಲಿ ಹೆಚ್ಚಾಗಿ ಅಸ್ತಮಾದ ಬಗ್ಗೆಯೇ ಹೇಳುತ್ತಿದ್ದೇನೆ. ಊರಲ್ಲಿ ದಮ್ಮು, ಗೂರಲು, ಉಬ್ಬಸ ಎಂದೂ ಇಲ್ಲಿ ಮರಾಠಿಯಲ್ಲಿ ದಮಾ ಎಂದೂ ಕರೆಯಿಸಿಕೊಳ್ಳುವ ಇದೇ ಮಕ್ಕಳಲ್ಲಿ ಅತಿ ಸಾಮಾನ್ಯವಾದ ದೀರ್ಘಕಾಲದ ಶ್ವಾಸಕೋಶದ ತೊಂದರೆ. ಇದಲ್ಲದೆ ಅವಧಿಗೆ ಮುನ್ನ ಹುಟ್ಟಿ ವಾರಗಟ್ಟಲೆ ವೆಂಟಿಲೇಟರಿನಲ್ಲಿದ್ದ ಮಕ್ಕಳು, ಕ್ಷಯ ಅಥವಾ ತೀವ್ರ ನ್ಯುಮೋನಿಯಾದ ಬಳಿಕ ಶ್ವಾಸನಾಳ ಹಿಗ್ಗಿ ಕಫ ಕಟ್ಟುವ ಬ್ರಾಂಕಿಯೆಕ್ಟಾಸಿಸ್ ಬಂದ ಮಕ್ಕಳು, ವಂಶವಾಹಿಯಿಂದ ಬರುವ ಸಿಸ್ಟಿಕ್ ಫೈಬ್ರೋಸಿಸ್ ಇರುವ ಮಕ್ಕಳು ಇದ್ದಾರೆ. ಇವರ ಸಂಖ್ಯೆ ಕಡಿಮೆ. ಇವರ ವ್ಯಾಯಾಮ ತಜ್ಞ ವೈದ್ಯರ ಮತ್ತು ಫಿಸಿಯೋಥೆರಪಿಸ್ಟರ ನಿಗಾದಲ್ಲೇ ನಡೆಯಬೇಕು. ಆದರೆ "ಸುಮ್ಮನೆ ಕೂರಿಸಿ" ಎಂಬ ಸಲಹೆ ಇವರಲ್ಲಿ ಯಾರಿಗೂ ಅನ್ವಯಿಸುವುದಿಲ್ಲ.

ಓಡಿದಾಗ ದಮ್ಮು ಬರುವುದೇ ಸುಳ್ಳೇ? ಸುಳ್ಳಲ್ಲ. ಓಡುವಾಗ ಮಗು ಬಾಯಿಯಿಂದ ವೇಗವಾಗಿ ಉಸಿರಾಡುತ್ತದೆ. ಗಾಳಿಯನ್ನು ಬೆಚ್ಚಗಾಗಿಸಿ, ತೇವ ಸೇರಿಸಿ, ಧೂಳು ಸೋಸಿ ಒಳಗೆ ಬಿಡುವ ಮೂಗಿನ ಕೆಲಸ ಆಗ ತಪ್ಪಿಹೋಗುತ್ತದೆ. ಒಣಗಾಳಿ ನೇರವಾಗಿ ಶ್ವಾಸನಾಳಕ್ಕೆ ಹೊಕ್ಕು ಅಲ್ಲಿಯ ತೇವವನ್ನು ಎಳೆದುಕೊಳ್ಳುತ್ತದೆ. ಮೊದಲೇ ಉರಿಯೂತದಿಂದ ಕೆರಳಿರುವ ನಾಳ ಇದರಿಂದ ಬಿಗಿದುಕೊಳ್ಳುತ್ತದೆ. ಗಮನಿಸಬೇಕಾದ ಅಂಶವೆಂದರೆ, ಇದು ಹೆಚ್ಚಾಗಿ ಓಟದ ನಡುವೆ ಅಲ್ಲ, ಓಟ ಮುಗಿದ ಐದರಿಂದ ಹದಿನೈದು ನಿಮಿಷಗಳಲ್ಲಿ ಜೋರಾಗುತ್ತದೆ. ಸಾಮಾನ್ಯವಾಗಿ ಅರ್ಧ-ಒಂದು ಗಂಟೆಯಲ್ಲಿ ತಾನಾಗಿಯೇ ಇಳಿಯುತ್ತದೆ. ಹೀಗಾಗಿ ಮೈದಾನದಲ್ಲಿ ಚೆನ್ನಾಗಿಯೇ ಓಡಿದ ಹುಡುಗ ಪೆಂಡಾಲಿಗೆ ಬಂದು ಕೂತ ಮೇಲೆ ಕೆಮ್ಮಲು ತೊಡಗುತ್ತಾನೆ. "ನೋಡಿ, ಓಡಿದ್ದಕ್ಕೆ ಕಾಯಿಲೆ ಜಾಸ್ತಿಯಾಯಿತು" ಎಂದು ಸುತ್ತಲಿನವರು ತೀರ್ಪು ಕೊಡುತ್ತಾರೆ. ಊರಿನ ಹಂಚಿನ ಮಾಡು ಸೋರುವುದು ಗೊತ್ತಾಗುವುದು ಮಳೆ ಬಂದಾಗ. ಹಂಚು ಒಡೆದದ್ದು ಮಾತ್ರ ಮಳೆಯಿಂದಲ್ಲ. ಓಟದ ನಂತರದ ಕೆಮ್ಮು ಹೇಳುವುದಿಷ್ಟೇ: ಈ ಮಗುವಿನ ಶ್ವಾಸನಾಳದ ಉರಿಯೂತ ಇನ್ನೂ ಹತೋಟಿಗೆ ಬಂದಿಲ್ಲ, ವೈದ್ಯರನ್ನು ಕಾಣಬೇಕು. ಓಟ ನಿಲ್ಲಿಸಬೇಕು ಎಂದು ಅದು ಹೇಳುವುದಿಲ್ಲ.

ನಾವು ಮಾಡುವುದೇನು? ಓಟ ನಿಲ್ಲಿಸುತ್ತೇವೆ. ಆಗ ಕೆಮ್ಮೂ ನಿಲ್ಲುತ್ತದೆ. "ಈಗ ಪರವಾಗಿಲ್ಲ, ದಮ್ಮು ಕಡಿಮೆಯಾಗಿದೆ" ಎಂದು ವೈದ್ಯರಿಗೂ ಹೇಳುತ್ತೇವೆ. ನಿಜವಾಗಿ ಕಡಿಮೆಯಾದದ್ದು ದಮ್ಮಲ್ಲ, ಮಗುವಿನ ಆಟ. ಅಸ್ತಮಾ ಹತೋಟಿಯಲ್ಲಿದೆಯೇ ಎಂದು ತಿಳಿಯಲು ವೈದ್ಯರು ಕೇಳುವ ನಾಲ್ಕು ಪ್ರಶ್ನೆಗಳಿವೆ: ಹಗಲಲ್ಲಿ ವಾರಕ್ಕೆ ಎರಡಕ್ಕಿಂತ ಹೆಚ್ಚು ಬಾರಿ ತೊಂದರೆಯಾಗುತ್ತದೆಯೇ, ರಾತ್ರಿ ಕೆಮ್ಮಿ ಎಚ್ಚರವಾಗುತ್ತದೆಯೇ, ತಕ್ಷಣದ ಪರಿಹಾರದ ಪಂಪು ವಾರಕ್ಕೆ ಎರಡಕ್ಕಿಂತ ಹೆಚ್ಚು ಬಾರಿ ಬೇಕಾಗುತ್ತದೆಯೇ, ಮತ್ತು ಕಾಯಿಲೆಯಿಂದಾಗಿ ಆಟ-ಓಟಕ್ಕೆ ಅಡ್ಡಿಯಾಗಿದೆಯೇ. ಈ ನಾಲ್ಕನೆಯ ಪ್ರಶ್ನೆಗೆ ನಮ್ಮಲ್ಲಿ ಪ್ರಾಮಾಣಿಕ ಉತ್ತರ ಸಿಗುವುದು ಕಡಿಮೆ. ಆಟವೇ ಆಡದ ಮಗುವಿಗೆ ಆಟದಲ್ಲಿ ಅಡ್ಡಿ ಎಲ್ಲಿಂದ ಬರಬೇಕು?

ಕೂತಲ್ಲೇ ಬೆಳೆದ ಮಗುವಿನ ಮುಂದಿನ ಕತೆಯನ್ನು ಊಹಿಸುವುದು ಕಷ್ಟವಲ್ಲ. ಸ್ನಾಯುಗಳಿಗೆ ಬಲ ಬರುವುದಿಲ್ಲ, ತೂಕ ಏರುತ್ತದೆ. ತೂಕ ಏರಿದಂತೆ ಅಸ್ತಮಾ ಹತೋಟಿಗೆ ತರುವುದು ಇನ್ನೂ ಕಷ್ಟ. ಲೋಕಲ್ ಸ್ಟೇಷನ್ನಿನ ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತದೆ. ಇದು ದಮ್ಮೋ ಅಥವಾ ಬರೀ ಅಭ್ಯಾಸದ ಕೊರತೆಯೋ ಎಂದು ಮಗುವಿಗೂ ತಿಳಿಯದು, ಮನೆಯವರಿಗೂ ತಿಳಿಯದು. ಹೆದರಿಕೆ ಇಮ್ಮಡಿಸುತ್ತದೆ, ಆಟ ಮತ್ತಷ್ಟು ದೂರವಾಗುತ್ತದೆ.

ವ್ಯಾಯಾಮ ಈ ಸುಳಿಯನ್ನು ಹಿಂದಕ್ಕೆ ತಿರುಗಿಸುತ್ತದೆ. ಅಭ್ಯಾಸವಾದ ಸ್ನಾಯು ಅದೇ ಕೆಲಸವನ್ನು ಕಡಿಮೆ ಶ್ರಮದಲ್ಲಿ ಮಾಡುವುದರಿಂದ ಅಷ್ಟೇ ದೂರ ಓಡಲು ಮೊದಲಿನಷ್ಟು ಉಸಿರು ಬೇಕಾಗುವುದಿಲ್ಲ. ಉಸಿರಿನ ವೇಗ ತಗ್ಗಿದರೆ ಶ್ವಾಸನಾಳ ಒಣಗುವುದೂ ತಗ್ಗುತ್ತದೆ. ದಮ್ಮು ಕೆರಳುವ ಗಡಿ ಅಷ್ಟು ಮುಂದಕ್ಕೆ ಹೋಗುತ್ತದೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2013ರಲ್ಲಿ ಅಸ್ತಮಾ ರೋಗಿಗಳ ವ್ಯಾಯಾಮದ ಕುರಿತ 21 ಅಧ್ಯಯನಗಳನ್ನು ಪರಿಶೀಲಿಸಿತು. ಎಂಟು ವರ್ಷ ಮೇಲ್ಪಟ್ಟ 772 ಮಂದಿಯ ಲೆಕ್ಕ ಅದರಲ್ಲಿತ್ತು. ವಾರಕ್ಕೆ ಕನಿಷ್ಠ ಎರಡು ಬಾರಿ, ಪ್ರತಿ ಬಾರಿ ಕನಿಷ್ಠ 20 ನಿಮಿಷ, ಕನಿಷ್ಠ ನಾಲ್ಕು ವಾರ ವ್ಯಾಯಾಮ ಮಾಡಿದವರ ದೇಹಶಕ್ತಿ ಹೆಚ್ಚಿತ್ತು, ರೋಗಲಕ್ಷಣಗಳು ಉಲ್ಬಣಿಸಿರಲಿಲ್ಲ. ಅದೇ ವರ್ಷ ಮಕ್ಕಳ ಈಜಿನ ಬಗ್ಗೆ ನಡೆದ ಇನ್ನೊಂದು ಪರಿಶೀಲನೆಯೂ (8 ಅಧ್ಯಯನಗಳು, 262 ಮಕ್ಕಳು) ಇದನ್ನೇ ಹೇಳಿತು. ಮೊದಲ ವರದಿಯ ಇನ್ನೊಂದು ಮಾತನ್ನು ಮುಚ್ಚಿಡಬಾರದು: ಸುಮ್ಮನಿದ್ದಾಗ ಊದಿಸಿ ನೋಡುವ ಶ್ವಾಸಕೋಶದ ಪರೀಕ್ಷೆಯ ಅಂಕಿಗಳು ವ್ಯಾಯಾಮದಿಂದ ಹೆಚ್ಚೇನೂ ಬದಲಾಗಲಿಲ್ಲ. ಅಂದರೆ ವ್ಯಾಯಾಮ ಅಸ್ತಮಾವನ್ನು ವಾಸಿ ಮಾಡುವುದಿಲ್ಲ, ಔಷಧಿಯ ಬದಲಿಗೆ ನಿಲ್ಲುವುದಿಲ್ಲ. ಅದೇ ಶ್ವಾಸಕೋಶವಿಟ್ಟುಕೊಂಡು ಹೆಚ್ಚು ಬದುಕಲು ಕಲಿಸುತ್ತದೆ.

ಇನ್ನೂ ಗಂಭೀರವಾದ ಸಿಸ್ಟಿಕ್ ಫೈಬ್ರೋಸಿಸ್ ಕಾಯಿಲೆಯ ಬಗ್ಗೆ 1992ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ಇಂದಿಗೂ ಉಲ್ಲೇಖಗೊಳ್ಳುತ್ತಿದೆ. ಏಳರಿಂದ 35 ವರ್ಷದೊಳಗಿನ 109 ರೋಗಿಗಳನ್ನು ಎಂಟು ವರ್ಷ ಹಿಂಬಾಲಿಸಿದಾಗ, ಅತಿ ಹೆಚ್ಚು ದೇಹಶಕ್ತಿ ಇದ್ದ ಗುಂಪಿನಲ್ಲಿ ಶೇ. 83 ಮಂದಿ ಬದುಕುಳಿದಿದ್ದರೆ ಅತಿ ಕಡಿಮೆ ಇದ್ದ ಗುಂಪಿನಲ್ಲಿ ಶೇ. 28 ಮಾತ್ರ. ವ್ಯಾಯಾಮ ಮಾಡಿದ್ದರಿಂದಲೇ ಬದುಕಿದರು ಎಂದು ಇದರಿಂದ ಹೇಳಲಾಗದು. ಕಾಯಿಲೆ ಕಡಿಮೆ ಇದ್ದವರಿಗೆ ಹೆಚ್ಚು ಓಡಾಡಲು ಸಾಧ್ಯವಾಗಿರಲೂಬಹುದು. ಆದರೆ ಇಂಥ ಮಕ್ಕಳ ಚಿಕಿತ್ಸೆಯಲ್ಲಿ ವ್ಯಾಯಾಮಕ್ಕೆ ಇಂದಿರುವ ಸ್ಥಾನವನ್ನು ನೋಡಿದರೆ ವೈದ್ಯಲೋಕ ಆ ಅಂಕಿಗಳನ್ನು ಹಗುರವಾಗಿ ತೆಗೆದುಕೊಂಡಿಲ್ಲ ಎಂಬುದು ಸ್ಪಷ್ಟ. ಓಡುವಾಗಿನ ಆಳವಾದ ಉಸಿರು ಕಟ್ಟಿದ ಕಫವನ್ನು ಸಡಿಲಿಸುತ್ತದೆ ಎಂಬುದೂ ಒಂದು ಕಾರಣ.

ಅಂಕಿಗಳು ಬೇಡವೆನ್ನುವವರಿಗೆ ಕ್ರಿಕೆಟ್ ಇದೆ. ಇಂಗ್ಲೆಂಡಿನ ಸ್ಟುವರ್ಟ್ ಬ್ರಾಡ್ 12 ವಾರ ಮುಂಚಿತವಾಗಿ ಹುಟ್ಟಿದವರು. ಅವರ ಒಂದು ಶ್ವಾಸಕೋಶ ಪೂರ್ತಿಯಾಗಿ ಬೆಳೆಯಲೇ ಇಲ್ಲ, ಜತೆಗೆ ಅಸ್ತಮಾ. ಅದೇ ಉಸಿರಿನಲ್ಲಿ ವೇಗದ ಬೌಲಿಂಗ್ ಮಾಡಿ 604 ಟೆಸ್ಟ್ ವಿಕೆಟ್ ಪಡೆದು 2023ರಲ್ಲಿ ನಿವೃತ್ತರಾದರು. ಲಂಡನ್ ಮ್ಯಾರಥಾನನ್ನು 2003ರಲ್ಲಿ 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಓಡಿ ಮುಗಿಸಿದ ಪೌಲಾ ರಾಡ್‌ಕ್ಲಿಫ್ ಬಾಲ್ಯದಿಂದಲೂ ಅಸ್ತಮಾ ಇದ್ದವರು. ಮಹಿಳೆಯರಲ್ಲಿ ಆ ವಿಶ್ವದಾಖಲೆ 2019ರ ತನಕ ಮುರಿಯಲಿಲ್ಲ. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನ ಅಮೆರಿಕದ ತಂಡದ 597 ಕ್ರೀಡಾಪಟುಗಳಲ್ಲಿ 67 ಮಂದಿಗೆ ಓಡಿದಾಗ ಉಸಿರು ಬಿಗಿಯುವ ತೊಂದರೆಯಿತ್ತು. ಆ 67 ಮಂದಿ ತಂದ ಪದಕಗಳು 41. ನಮ್ಮ ಮಕ್ಕಳೆಲ್ಲ ಒಲಿಂಪಿಕ್ಸ್‌ಗೆ ಹೋಗಬೇಕೆಂದು ಯಾರೂ ಹೇಳುತ್ತಿಲ್ಲ. ಸಂಘದ ಐವತ್ತು ಮೀಟರ್ ಓಟದಲ್ಲಿ ಕೊನೆಯವನಾಗಿ ಬರುವ ಹಕ್ಕಾದರೂ ಅವರಿಗಿರಲಿ.

ಹಾಗಾದರೆ ಅಡ್ಡಿ ಏನು? ನನ್ನ ಪ್ರಕಾರ ಮೊದಲ ಅಡ್ಡಿ ಪಂಪು. ಇನ್ಹೇಲರ್ ಎಂದರೆ ಕೊನೆಯ ಹಂತದ ಔಷಧಿ, ಒಮ್ಮೆ ಹಿಡಿದರೆ ಬಿಡದ ಚಟ ಎಂಬ ನಂಬಿಕೆ ಓದಿದವರ ಮನೆಯಲ್ಲೂ ಬೇರೂರಿದೆ. ಲೆಕ್ಕವನ್ನೇ ನೋಡೋಣ. ಸಾಲ್ಬುಟಮಾಲ್ ಪಂಪನ್ನು ಒಮ್ಮೆ ಒತ್ತಿದರೆ ಬರುವುದು 100 ಮೈಕ್ರೋಗ್ರಾಂ. ಅದೇ ಔಷಧಿಯ ಸಣ್ಣ ಮಾತ್ರೆಯಲ್ಲಿ ಇರುವುದು 2 ಮಿಲಿಗ್ರಾಂ, ಅಂದರೆ ಇಪ್ಪತ್ತು ಪಂಪಿನಷ್ಟು. ಮಾತ್ರೆ ಇಡೀ ದೇಹ ಸುತ್ತಿ ಕೈನಡುಕ, ಎದೆಬಡಿತ ತರಿಸುತ್ತದೆ. ಪಂಪು ಬೇಕಾದಲ್ಲಿಗೇ ಹೋಗುತ್ತದೆ. ಮಾತ್ರೆಗೆ ಹೆದರದ ನಾವು ಪಂಪಿಗೆ ಹೆದರುತ್ತೇವೆ, ಕಾರಣ ಪಂಪು ನಾಲ್ಕು ಜನರಿಗೆ ಕಾಣುತ್ತದೆ. ಹೆಣ್ಣುಮಗುವಾದರಂತೂ ಮುಗಿಯಿತು. ನಾಳೆ ಸಂಬಂಧ ಕುದುರಿಸುವಾಗ ಯಾರಾದರೂ ಎತ್ತಿ ಆಡಿಯಾರು ಎಂದು ಹತ್ತು ವರ್ಷದ ಹುಡುಗಿಯ ಕಾಯಿಲೆಯನ್ನು ಸಮಾಜ ಬಾಂಧವರಿಂದ ಮುಚ್ಚಿಡುವ ಮನೆಗಳಿವೆ. ಕ್ರೀಡಾಕೂಟದಲ್ಲಿ ನಾಲ್ಕು ಜನರ ಮುಂದೆ ಪಂಪು ತೆಗೆಯುವುದಕ್ಕಿಂತ ಅವಳು ಕೂತಿರುವುದೇ ಅವರಿಗೆ ಸುಲಭವೆನಿಸುತ್ತದೆ. ಕನ್ನಡಕ ಹಾಕಿದ ಮಗುವನ್ನು ನಾವು ಹೀಗೆ ಮುಚ್ಚಿಡುತ್ತೇವೆಯೇ?

ಇನ್ನು ಪ್ರತಿದಿನದ ಪಂಪು ಬೇರೆ, ತುರ್ತಿನ ಪಂಪು ಬೇರೆ ಎಂಬುದು ಎಷ್ಟೋ ಮಂದಿಗೆ ತಿಳಿದಿಲ್ಲ. ಉರಿಯೂತ ತಗ್ಗಿಸುವ, ಅಲ್ಪ ಪ್ರಮಾಣದ ಸ್ಟಿರಾಯ್ಡ್ ಇರುವ ಪಂಪೇ ಮೂಲ ಚಿಕಿತ್ಸೆ. ಮಗು ಚೆನ್ನಾಗಿದೆ ಎಂದು ನಾಲ್ಕು ತಿಂಗಳಿಗೆ ಅದನ್ನು ನಾವೇ ನಿಲ್ಲಿಸಿ, ತುರ್ತಿನ ನೀಲಿ ಪಂಪೊಂದನ್ನೇ ನೆಚ್ಚಿಕೊಳ್ಳುವುದು ಅಪಾಯಕರ. ಹನ್ನೆರಡು ವರ್ಷ ದಾಟಿದವರು ಬರೀ ನೀಲಿ ಪಂಪನ್ನು ಅವಲಂಬಿಸಬಾರದು ಎಂದು 2019ರಿಂದ ಅಂತಾರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತಿದೆ. ಆಟಕ್ಕೆ ಹತ್ತು-ಹದಿನೈದು ನಿಮಿಷ ಮುಂಚೆ ಯಾವ ಪಂಪು, ಎಷ್ಟು ಸಲ ಎಂಬುದನ್ನು ವೈದ್ಯರಿಂದಲೇ ಬರೆಸಿಕೊಳ್ಳಬೇಕು. ಮಕ್ಕಳು ಪಂಪನ್ನು ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆಯ ಮೂಲಕ ತೆಗೆದುಕೊಂಡರೆ ಔಷಧಿ ಗಂಟಲಲ್ಲಿ ಉಳಿಯದೆ ಒಳಗೆ ಸೇರುತ್ತದೆ.

ಮೃಗಶಿರಾ ಕಾರ್ತೆಯಂದು ಹೈದರಾಬಾದಿನಲ್ಲಿ ಜೀವಂತ ಮೀನಿನ ಬಾಯಲ್ಲಿಟ್ಟು ನುಂಗಿಸುವ ಮದ್ದಿಗಾಗಿ ಹೋಗಿಬಂದವರು ನಮ್ಮಲ್ಲೂ ಇದ್ದಾರೆ. ಅವರ ನಂಬಿಕೆಯನ್ನು ಹಳಿಯುವ ಉದ್ದೇಶ ನನಗಿಲ್ಲ. ಆದರೆ ಬಂದವರು ದಿನದ ಪಂಪನ್ನು ನಿಲ್ಲಿಸಿಬಿಟ್ಟರೆ ಅದರ ಬೆಲೆ ತೆರುವುದು ಮಗು, ಅದೂ ಸರಿಯಾಗಿ ಮಳೆಗಾಲದ ಬಾಗಿಲಲ್ಲಿ.

ಮಳೆಗಾಲದ ಮಾತು ಬಂದಾಗ ನಮ್ಮ ಮುಂಬಯಿಯ ಬದುಕನ್ನೂ ನೋಡಬೇಕು. ಡೊಂಬಿವಲಿ, ನಲಸೋಪಾರ, ಭಿವಂಡಿಯ ಒಂದು ಕೋಣೆ-ಅಡುಗೆಮನೆಯಲ್ಲಿ ನಾಲ್ಕು ತಿಂಗಳು ಒದ್ದೆ ಬಟ್ಟೆ ಒಳಗೇ ಒಣಗುತ್ತದೆ, ಗೋಡೆಗೆ ಬೂಷ್ಟು ಹಿಡಿಯುತ್ತದೆ, ಜಿರಲೆ ಇದ್ದದ್ದೇ. ಇವೆಲ್ಲವೂ ಅಸ್ತಮಾವನ್ನು ಕೆರಳಿಸುವಂಥವು. ಕಿಟಕಿಯ ಹೊರಗೆ ಪಾರಿವಾಳ. ಅವುಗಳ ಹಿಕ್ಕೆಯ ಧೂಳಿನಿಂದ ಶ್ವಾಸಕೋಶಕ್ಕಾಗುವ ಹಾನಿಯ ಚರ್ಚೆ 2025ರಲ್ಲಿ ದಾದರ್‌ನ ಕಬೂತರ್‌ಖಾನಾದ ನೆಪದಲ್ಲಿ ಹೈಕೋರ್ಟಿನ ತನಕ ಹೋದದ್ದು ಓದುಗರಿಗೆ ನೆನಪಿರಬಹುದು. "ಹೊರಗಿನ ಗಾಳಿ ಕೆಟ್ಟದ್ದು, ಮನೆಯೊಳಗೇ ಇರಲಿ" ಎನ್ನುವಾಗ ಆ ಮನೆಯ ಗಾಳಿ ಹೇಗಿದೆ ಎಂದೂ ಕೇಳಿಕೊಳ್ಳಬೇಕಲ್ಲವೆ? ಬೆಳಿಗ್ಗೆ-ಸಂಜೆಯ ಧೂಪ, ಅಗರಬತ್ತಿ, ಸೊಳ್ಳೆ ಬತ್ತಿಯ ಹೊಗೆಯೂ ಈ ಲೆಕ್ಕಕ್ಕೆ ಸೇರಬೇಕು.

ಹಾಗೆಂದು ಹೊರಗಿನ ಗಾಳಿ ಶುದ್ಧವೆಂದು ವಾದಿಸುವಂತಿಲ್ಲ. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಗಾಳಿ ಎಷ್ಟು ಹದಗೆಟ್ಟಿತೆಂದರೆ ಹೈಕೋರ್ಟು ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತು. ಶಿವಾಜಿ ಪಾರ್ಕಿನ ಕೆಂಪು ಮಣ್ಣಿನ ಧೂಳಿನ ಬಗ್ಗೆ ಸುತ್ತಲಿನ ನಿವಾಸಿಗಳು ವರ್ಷಗಳಿಂದ ದೂರುತ್ತಲೇ ಇದ್ದಾರೆ. ನಮ್ಮ ಕ್ರೀಡಾಕೂಟಗಳು ನಡೆಯುವುದು ಡಿಸೆಂಬರ್-ಜನವರಿಯ ಇದೇ ಮಬ್ಬು ಕವಿದ ದಿನಗಳಲ್ಲಿ, ಅದೂ ಮುಂಜಾನೆ. ಹವೆ ತಂಪಾಗಿರುತ್ತದೆಂದು ಮಕ್ಕಳ ಓಟವನ್ನು ಎಲ್ಲಕ್ಕಿಂತ ಮೊದಲು ಇಡುತ್ತೇವೆ. ಚಳಿಗಾಲದ ಮುಂಜಾನೆ ಹೊಗೆ-ಧೂಳು ನೆಲಮಟ್ಟದಲ್ಲೇ ನಿಂತಿರುತ್ತದೆ. ಬಿಸಿಲೇರಿದ ಮೇಲೆ ಚದುರುತ್ತದೆ. ಹಗ್ಗಜಗ್ಗಾಟದ ದೊಡ್ಡವರು ಬೇಕಾದರೆ ಏಳು ಗಂಟೆಗೆ ಎಳೆದಾಡಲಿ, ಮಕ್ಕಳ ಓಟ ಹತ್ತು ಗಂಟೆಗಿರಲಿ. ಓಟಕ್ಕೆ ಮುನ್ನ ಮೈದಾನಕ್ಕೆ ನೀರು ಚಿಮುಕಿಸುವುದೇನೂ ದೊಡ್ಡ ಖರ್ಚಲ್ಲ. ಗಾಳಿಯ ಗುಣಮಟ್ಟದ ಸೂಚ್ಯಂಕ ಈಗ ಎಲ್ಲರ ಮೊಬೈಲಿನಲ್ಲಿ ಸಿಗುತ್ತದೆ. ಅಂದು ಅದು ತೀರಾ ಕೆಟ್ಟಿದ್ದರೆ ಇಂಥ ಮಕ್ಕಳಿಗೆ ಓಟದ ಬದಲು ಒಳಾಂಗಣದ ಆಟವಿರಲಿ.

ಎಂಥ ವ್ಯಾಯಾಮ ಒಳ್ಳೆಯದು? ಆರೆಂಟು ನಿಮಿಷ ಬಿಡದೆ ಓಡುವ ಆಟಕ್ಕಿಂತ, ಸ್ವಲ್ಪ ಹೊತ್ತು ಜೋರು, ಸ್ವಲ್ಪ ಹೊತ್ತು ವಿರಾಮ ಇರುವ ಆಟಗಳಲ್ಲಿ ದಮ್ಮು ಕೆರಳುವುದು ಕಡಿಮೆ. ನಮ್ಮ ಕಬಡ್ಡಿಯನ್ನೇ ನೋಡಿ, ಒಂದು ದಾಳಿಗೆ 30 ಸೆಕೆಂಡು. ಕ್ರಿಕೆಟ್, ಬ್ಯಾಡ್ಮಿಂಟನ್ ಕೂಡ ಈ ಗುಂಪಿನವೇ. ನೀರಿನ ಮೇಲಿನ ಗಾಳಿ ತೇವವಾಗಿರುವುದರಿಂದ ಈಜು ಒಳ್ಳೆಯದು. ಆದರೆ ಕ್ಲೋರಿನ್ ವಾಸನೆ ಮೂಗಿಗೆ ಬಡಿಯುವ ಮುಚ್ಚಿದ ಕೊಳಗಳು ಕೆಲವು ಮಕ್ಕಳಿಗೆ ಆಗಿಬರುವುದಿಲ್ಲ. ಪ್ರಾಣಾಯಾಮ ಮನಸ್ಸಿಗೆ ನೆಮ್ಮದಿ ಕೊಡುತ್ತದೆ, ಉಸಿರಿನ ಶಿಸ್ತು ಕಲಿಸುತ್ತದೆ. ಆದರೆ ಕೂತು ಮಾಡುವ ಉಸಿರಾಟ ಓಟದ ಸ್ಥಾನವನ್ನು ತುಂಬಲಾರದು. "ಅವನಿಗೆ ಯೋಗಕ್ಕೆ ಹಾಕಿದ್ದೇವೆ" ಎಂದು ಸಮಾಧಾನಪಡುವವರು ಇದನ್ನು ಗಮನಿಸಬೇಕು.

ನನಗೆ ಎಲ್ಲಕ್ಕಿಂತ ಹೆಚ್ಚು ಭರವಸೆ ಇರುವುದು ಯಕ್ಷಗಾನದ ಮೇಲೆ. ಮುಂಬಯಿಯಲ್ಲಿ ಅನೇಕ ಸಂಘಗಳು ಮಕ್ಕಳಿಗೆ ವಾರಾಂತ್ಯದಲ್ಲಿ ಯಕ್ಷಗಾನ ತರಗತಿ ನಡೆಸುತ್ತಿವೆ. ನಾವದನ್ನು ಭಾಷೆ-ಸಂಸ್ಕೃತಿಯ ಕೆಲಸವೆಂದು ಮಾತ್ರ ತಿಳಿದಿದ್ದೇವೆ. ಆದರೆ ಚೆಂಡೆಯ ಪೆಟ್ಟಿಗೆ ಹೆಜ್ಜೆ ಹಾಕಿ, ದಿಗಿಣ ಹಾರಿ, ಅಭಿಮನ್ಯುವೋ ಬಭ್ರುವಾಹನನೋ ಆಗಿ ಒಂದು ಪದ್ಯಕ್ಕೆ ಕುಣಿದ ಮಗುವಿಗೆ ಬಿದ್ದ ವ್ಯಾಯಾಮ ಕಡಿಮೆಯದಲ್ಲ. ಪದ್ಯಕ್ಕೆ ಕುಣಿತ, ಆಮೇಲೆ ನಿಂತು ಅರ್ಥ ಹೇಳುವುದು, ಮತ್ತೆ ಕುಣಿತ: ಅದರ ಕಟ್ಟುಪಾಡಿನಲ್ಲೇ ವಿರಾಮವಿದೆ. ಮೇಲಾಗಿ ಅಲ್ಲಿ ಗೆಲುವು-ಸೋಲಿಲ್ಲ, ಹಿಂದೆ ಬಿದ್ದವನಿಗೆ ನಗೆಪಾಟಲಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ಚೌಕಿಯ ಬಣ್ಣದ ಪುಡಿ, ಪೆಟ್ಟಿಗೆಯಿಂದ ವರ್ಷಕ್ಕೊಮ್ಮೆ ತೆಗೆದ ವೇಷಭೂಷಣದ ಧೂಳು ಇಂಥ ಮಕ್ಕಳಿಗೆ ಕಂಟಕ. ಅವನ್ನು ಮುಂಚಿತವಾಗಿ ಕೊಡವಿ ಬಿಸಿಲಿಗೆ ಹಾಕಿದರೆ ಆಯಿತು.

ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈಬೆವರುವ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಕಂಪೌಂಡಿನಲ್ಲಿ "ಇಲ್ಲಿ ಆಟವಾಡಬಾರದು" ಎಂಬ ಫಲಕ ತೂಗುವ ನಮ್ಮ ಹೌಸಿಂಗ್ ಸೊಸೈಟಿಗಳಲ್ಲಿ ಆರೋಗ್ಯವಂತ ಮಗುವಿಗೂ ಅದು ಸಿಗುವುದು ಕಷ್ಟ. ಆ ಫಲಕ ಹಾಕಿಸಿದ ಕಮಿಟಿಗಳಲ್ಲಿ ನಮ್ಮವರೂ ಇದ್ದಾರೆ ಎಂಬುದನ್ನು ಮೆಲ್ಲಗೆ ಹೇಳಿ ಮುಂದೆ ಹೋಗುತ್ತೇನೆ.

ಶಾಲೆಯ ವಿಷಯದಲ್ಲೂ ಒಂದು ಬದಲಾವಣೆ ಆಗಬೇಕು. ಪಿ.ಟಿ. ಪಿರಿಯಡ್‌ನಿಂದ ಮಗುವಿಗೆ ವಿನಾಯಿತಿ ಕೊಡಿ ಎಂದು ಫ್ಯಾಮಿಲಿ ಡಾಕ್ಟರರಿಂದ ಚೀಟಿ ಬರೆಸಿ ಕೊಡುವುದು ನಮ್ಮ ರೂಢಿ. ಒಮ್ಮೆ ಕೊಟ್ಟ ಚೀಟಿ ಹತ್ತನೇ ತರಗತಿಯವರೆಗೂ ನಡೆಯುತ್ತದೆ, ಯಾರೂ ಮರುಪರಿಶೀಲಿಸುವುದಿಲ್ಲ. ಅದೇ ಡಾಕ್ಟರರಿಂದ ಬೇರೆ ಚೀಟಿ ಬರೆಸಿ: ಈ ಮಗು ಆಡಬಹುದು, ಆಡುವ ಮುಂಚೆ ಇಂಥ ಪಂಪು ಇಷ್ಟು ತೆಗೆದುಕೊಳ್ಳಬೇಕು, ಕೆಮ್ಮು ಬಂದರೆ ಹೀಗೆ ಮಾಡಬೇಕು, ಪಂಪು ಬ್ಯಾಗಿನ ಇಂಥ ಖಾನೆಯಲ್ಲಿದೆ. ಪಿ.ಟಿ. ಶಿಕ್ಷಕರಿಗೂ ಧೈರ್ಯ ಬರುತ್ತದೆ.

ಆಡಬಾರದ ದಿನಗಳೂ ಇವೆ. ಜ್ವರವಿದ್ದರೆ, ನೆಗಡಿ ಎದೆಗಿಳಿದಿದ್ದರೆ, ಹಿಂದಿನ ರಾತ್ರಿ ಕೆಮ್ಮಿ ಎಚ್ಚರವಾಗಿದ್ದರೆ, ಬೆಳಿಗ್ಗೆಯೇ ಎದೆಯಲ್ಲಿ ಸುಯ್ ಸದ್ದಿದ್ದರೆ ಅಂದು ಆಟ ಬೇಡ. ಉಳಿದ ದಿನ, ಮೊದಲು ಹತ್ತು-ಹದಿನೈದು ನಿಮಿಷ ಮೈ ಬೆಚ್ಚಗಾಗುವಂತೆ ನಿಧಾನ ಓಟ, ನಡುನಡುವೆ ಚಿಕ್ಕ ಚಿಕ್ಕ ವೇಗದ ಓಟ. ಹೀಗೆ ಮಾಡಿದರೆ ಸುಮಾರು ಅರ್ಧದಷ್ಟು ಮಂದಿಗೆ ಮುಂದಿನ ಒಂದೆರಡು ಗಂಟೆ ಉಸಿರು ಬಿಗಿಯುವುದು ಕಡಿಮೆಯಾಗುತ್ತದೆ. ಆಟದ ನಡುವೆ ದಮ್ಮು ಬಂದರೆ ಮಗುವನ್ನು ಮಲಗಿಸಬೇಡಿ, ನೆಟ್ಟಗೆ ಕೂರಿಸಿ. ಸುತ್ತ ಮುತ್ತಿಗೆ ಹಾಕಬೇಡಿ. ನೀಲಿ ಪಂಪನ್ನು ಸ್ಪೇಸರಿಗೆ ಸಿಕ್ಕಿಸಿ ಒಂದೊಂದಾಗಿ ನಾಲ್ಕು ಸಲ ಒತ್ತಿ, ಪ್ರತಿ ಸಲ ನಾಲ್ಕು ಉಸಿರು ಎಳೆಸಿ. ನಾಲ್ಕು ನಿಮಿಷ ಕಾಯಿರಿ, ಇಳಿಯದಿದ್ದರೆ ಮತ್ತೆ ನಾಲ್ಕು ಕೊಟ್ಟು 108ಕ್ಕೆ ಕರೆ ಮಾಡಿ. ಒಂದು ವಾಕ್ಯ ಪೂರ್ತಿ ಮಾಡಲಾಗದಷ್ಟು ಏದುಸಿರು, ಪಕ್ಕೆಲುಬುಗಳ ನಡುವೆ ಚರ್ಮ ಒಳಕ್ಕೆ ಸೆಳೆಯುವುದು, ತುಟಿ ನೀಲಿಯಾಗುವುದು ಕಂಡರೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು, ದಾರಿಯಲ್ಲೂ ಪಂಪು ಕೊಡುತ್ತಿರಬೇಕು.

ಈಗ ಸಂಘಗಳ ಪಾಲಿನ ಕೆಲಸ. ಸಂಘ ಜಾತಿಯದಿರಲಿ, ಊರಿನ ಹೆಸರಿನದಿರಲಿ, ಕನ್ನಡದ ಹೆಸರಿನದಿರಲಿ, ಎಲ್ಲರ ಪ್ರವೇಶಪತ್ರವೂ ಒಂದೇ ನಮೂನೆ: ಹೆಸರು, ವಯಸ್ಸು, ಸ್ಥಳೀಯ ಸಮಿತಿ, ಟೀ-ಶರ್ಟಿನ ಅಳತೆ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಲಿ: "ಮಗುವಿಗೆ ಅಸ್ತಮಾ ಅಥವಾ ಉಸಿರಾಟದ ತೊಂದರೆ ಇದೆಯೇ? ಇದ್ದರೂ ಭಾಗವಹಿಸಬಹುದು, ಪಂಪು ಜತೆಗಿರಲಿ." ಆ "ಇದ್ದರೂ ಭಾಗವಹಿಸಬಹುದು" ಎಂಬ ಮಾತು ಮುಖ್ಯ, ಅದಿಲ್ಲದೆ ಬರೀ ಪ್ರಶ್ನೆ ಹಾಕಿದರೆ ಎಲ್ಲರೂ "ಇಲ್ಲ" ಎಂದೇ ಬರೆಯುತ್ತಾರೆ. ಈ ಮಾಹಿತಿ ಕ್ರೀಡಾ ಕಾರ್ಯದರ್ಶಿ ಮತ್ತು ಪ್ರಥಮ ಚಿಕಿತ್ಸೆಯವರ ಬಳಿ ಮಾತ್ರ ಇರಲಿ, ಧ್ವನಿವರ್ಧಕದಲ್ಲಿ ಬರುವುದು ಬೇಡ. ಒಂದೇ ಮಗು ಹದಿನೈದು ನಿಮಿಷದೊಳಗೆ ಮೂರು ಸ್ಪರ್ಧೆಗೆ ಓಡುವಂತೆ ವೇಳಾಪಟ್ಟಿ ಹಾಕುವುದನ್ನು ನಿಲ್ಲಿಸಬೇಕು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಅಯೋಡಿನ್, ಬ್ಯಾಂಡೇಜ್, ನೋವಿನ ಸ್ಪ್ರೇ ಜತೆಗೆ ಒಂದು ನೀಲಿ ಪಂಪು, ಎರಡು-ಮೂರು ಹೊಸ ಸ್ಪೇಸರ್ ಇರಲಿ. ಎಲ್ಲ ಸೇರಿದರೂ ಚಾಂಪಿಯನ್‌ಶಿಪ್ ಟ್ರೋಫಿಯ ಬೆಲೆಯಾಗದು. ನಮ್ಮ ಪ್ರತಿ ಸಮುದಾಯದಲ್ಲೂ ಡಾಕ್ಟರುಗಳಿಗೇನೂ ಬರವಿಲ್ಲ. ವೇದಿಕೆಗೆ ಕರೆದು ಶಾಲು ಹೊದಿಸುವ ಅದೇ ಡಾಕ್ಟರರನ್ನು ಒಂದು ಭಾನುವಾರ ಕರೆದು ಸ್ವಯಂಸೇವಕರಿಗೆ ಪಂಪು-ಸ್ಪೇಸರ್ ಬಳಕೆ ಹೇಳಿಸಿದರೆ ಶಾಲಿನ ಖರ್ಚೂ ಉಳಿದೀತು.

ಆದರೆ ವರ್ಷಕ್ಕೊಂದು ದಿನದ ಓಟದಿಂದ ಯಾವ ಮಗುವಿನ ಶ್ವಾಸಕೋಶಕ್ಕೂ ಲಾಭವಿಲ್ಲ. ತಯಾರಿಯಿಲ್ಲದೆ ಒಮ್ಮೆಲೇ ಓಡಿಸಿದರೆ ತೊಂದರೆಯೂ ಆದೀತು. ಹಿಂದೆ ಹೇಳಿದ ಅಧ್ಯಯನಗಳ ಕನಿಷ್ಠ ಲೆಕ್ಕ ವಾರಕ್ಕೆ ಎರಡು ಬಾರಿ, 20 ನಿಮಿಷ. ಸ್ವಂತ ಭವನ, ಸಭಾಗೃಹ ಇರುವ ಸಂಘಗಳು ಮುಂಬಯಿಯಲ್ಲಿ ಕಡಿಮೆ ಇಲ್ಲ. ಮದುವೆ-ಸಮಾರಂಭಗಳಿಲ್ಲದ ವಾರದ ದಿನಗಳ ಸಂಜೆ ಆ ಸಭಾಗೃಹಗಳು ಬೀಗ ಹಾಕಿಕೊಂಡಿರುತ್ತವೆ. ಅಲ್ಲಿ ವಾರಕ್ಕೆರಡು ಸಂಜೆ ಎಲ್ಲ ಮಕ್ಕಳಿಗಾಗಿ ಒಂದು ಗಂಟೆಯ ಆಟವಿಟ್ಟರೆ, ದಮ್ಮಿರುವವರೂ ಇಲ್ಲದವರೂ ಒಟ್ಟಿಗೆ ಆಡಲಿ. ಪ್ರತ್ಯೇಕ ಶಿಬಿರ ಬೇಡ. ಪ್ರತ್ಯೇಕ ಎಂದೊಡನೆ ಹೆಣ್ಣುಮಕ್ಕಳನ್ನು ಮನೆಯವರು ಕಳುಹಿಸಲಾರರು. ಮಳೆಗಾಲದಲ್ಲಂತೂ ಇದಕ್ಕೆ ಬೇರೆ ದಾರಿಯೇ ಇಲ್ಲ. ಈ ಸಲದ ಕ್ರೀಡಾಕೂಟದ ಪೂರ್ವಭಾವಿ ಸಭೆಯಲ್ಲಿ ಟೀ-ಶರ್ಟಿನ ಬಣ್ಣದ ಚರ್ಚೆಗೆ ಮುನ್ನ ಪ್ರವೇಶಪತ್ರದ ಆ ಒಂದು ಸಾಲನ್ನು ಮತ್ತು ಸಭಾಗೃಹದ ಬೀಗದ ಕೈಯ ವಿಷಯವನ್ನು ಎತ್ತುವವರು ಯಾರಾದರೂ ಇರಲಿ.